ಎರಡನೆಯ ಪ್ರಾಶಸ್ತ್ಯದ ಮತ

ಚುನಾವಣೆ ಸಮೀಪಿಸಿತೆಂದರೆ ಗುರುನಿವಾಸದ ಬಾಗಿಲು ತಟ್ಟುವವರ ಸಂಖ್ಯೆ ಹೆಚ್ಚುವುದು ನಮ್ಮ ಧರ್ಮಕೇಂದ್ರಗಳಲ್ಲಿ ಹೊಸತೇನಲ್ಲ. ಅಭ್ಯರ್ಥಿಗಳು ಬರುತ್ತಾರೆ, ಕೈಮುಗಿಯುತ್ತಾರೆ, ಛಾಯಾಚಿತ್ರ ತೆಗೆಸಿಕೊಳ್ಳುತ್ತಾರೆ. ಅವರು ಹೋದ ಬೆನ್ನಿಗೇ ನಮ್ಮವರಲ್ಲಿ ಯಾರಾದರೊಬ್ಬರು ಬಂದು, ಸ್ವರ ತಗ್ಗಿಸಿ, "ಫಾದರ್, ಈ ಸಲ ಯಾರಿಗೆ ಹಾಕುವುದು?" ಎಂದು ಕೇಳುತ್ತಾರೆ. ಧರ್ಮಸಭೆಯ ಕಾನೂನು ಸಂಹಿತೆಯ 287ನೆಯ ವಿಧಿ ಗುರುಗಳು ರಾಜಕೀಯ ಪಕ್ಷಗಳಲ್ಲಿ ಸಕ್ರಿಯವಾಗಿ ಪಾಲ್ಗೊಳ್ಳುವುದನ್ನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಆ ವಿಧಿ ಇಲ್ಲದಿದ್ದರೂ ನಾನು ಉತ್ತರ ಹೇಳುತ್ತಿರಲಿಲ್ಲ. ಯಾರಿಗೆ ಮತ ನೀಡಬೇಕೆಂಬುದು ಪ್ರಾಯಪ್ರಬುದ್ಧ ವ್ಯಕ್ತಿಯ ಅಂತಃಸಾಕ್ಷಿಗೆ ಸೇರಿದ ವಿಷಯ; ಅದನ್ನು ಬೇರೊಬ್ಬನಿಗೆ, ಅವನು ಗುರುವೇ ಆಗಿದ್ದರೂ, ಒಪ್ಪಿಸಿಬಿಡುವುದು ಸಲ್ಲದು. ಆದರೆ ನೀಡಿದ ಮತವನ್ನು ಹೇಗೆ ಎಣಿಸುತ್ತಾರೆ ಎಂದು ಯಾರಾದರೂ ಕೇಳಿದ್ದಾದರೆ ಊಟದ ಹೊತ್ತು ಮೀರುವ ತನಕ ಹೇಳಬಲ್ಲೆ. ಇಷ್ಟು ವರ್ಷಗಳಲ್ಲಿ ಒಬ್ಬರೂ ಕೇಳಿಲ್ಲ. ಆದುದರಿಂದ ಈ ವಾರದ ಅಂಕಣವನ್ನು ಕೇಳದವರಿಗೇ ಅರ್ಪಿಸುತ್ತಿದ್ದೇನೆ.

ಗುರುಗಳಿಗೂ ಹವ್ಯಾಸಗಳಿರುತ್ತವೆ. ಒಬ್ಬರು ಅಂಚೆಚೀಟಿ ಕೂಡಿಡುತ್ತಾರೆ, ಇನ್ನೊಬ್ಬರು ಹಳೆಯ ರೇಡಿಯೋಗಳನ್ನು ಬಿಚ್ಚಿ ಜೋಡಿಸುತ್ತಾರೆ, ಮತ್ತೊಬ್ಬರು ಜೇನು ಸಾಕುತ್ತಾರೆ. ನನ್ನದು ಮತ ಎಣಿಸುವ ಲೆಕ್ಕ. ಫಲಿತಾಂಶ ಪ್ರಕಟವಾದ ಮರುದಿನ ಎಲ್ಲರೂ ಗೆದ್ದವರ ಭಾವಚಿತ್ರ ನೋಡುವಾಗ ನಾನು ಒಳಪುಟದ ಸಣ್ಣ ಅಕ್ಷರದ ಅಂಕಿಅಂಶಗಳನ್ನು ಪೆನ್ಸಿಲ್ ಹಿಡಿದು ಓದುವವನು. ಗುರುಮಠದಲ್ಲಿ ತತ್ತ್ವಶಾಸ್ತ್ರ ಓದಿದವನಿಗೆ ಇದೇಕೆ ಎಂದರೆ, ಬೀಜ ಬಿದ್ದದ್ದು ಅಲ್ಲಿಯೇ ಎಂಬುದನ್ನು ಮುಂದೆ ಹೇಳುತ್ತೇನೆ. ಮೊದಲು ನಮ್ಮ ರಾಜ್ಯದ ಕೆಲವು ಅಂಕಿಗಳನ್ನು ನೋಡೋಣ.

2004ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ಪಕ್ಷಕ್ಕೆ ದೊರೆತ ಮತ ಶೇಕಡಾ 35ರಷ್ಟು, ಸ್ಥಾನಗಳು 65. ಭಾರತೀಯ ಜನತಾ ಪಕ್ಷಕ್ಕೆ ದೊರೆತದ್ದು ಶೇಕಡಾ 28ರಷ್ಟು ಮತ, ಸ್ಥಾನಗಳು 79. 2008ರಲ್ಲಿ ಮತ್ತೆ ಕಾಂಗ್ರೆಸ್ಸಿಗೆ ಸುಮಾರು ಒಂದು ಶೇಕಡಾ ಮತ ಹೆಚ್ಚು, ಆದರೆ ಸ್ಥಾನ 80; ಭಾಜಪಕ್ಕೆ 110. 2018ರಲ್ಲಿ ಒಂದು ಪಕ್ಷಕ್ಕೆ ಶೇಕಡಾ 38, ಇನ್ನೊಂದಕ್ಕೆ 36. ಕಡಿಮೆ ಮತ ಪಡೆದ ಪಕ್ಷವೇ 104 ಸ್ಥಾನಗಳೊಂದಿಗೆ ಅತಿ ದೊಡ್ಡ ಪಕ್ಷವಾಯಿತು. ಇದನ್ನು ಓದಿ ಒಂದು ಪಕ್ಷದ ಅಭಿಮಾನಿಗಳು ಹಿಗ್ಗಬಾರದು, ಇನ್ನೊಂದರವರು ಕೆರಳಬಾರದು. 2013ರಲ್ಲಿ ಇದೇ ಕಾಂಗ್ರೆಸ್ ಶೇಕಡಾ 37ರಷ್ಟೂ ಇಲ್ಲದ ಮತದಿಂದ 224ರಲ್ಲಿ 122 ಸ್ಥಾನಗಳನ್ನು ಗೆದ್ದಿತು. ಇಲ್ಲಿ ಯಾರೂ ಮೋಸ ಮಾಡಿಲ್ಲ. ಪ್ರತಿ ಕ್ಷೇತ್ರದಲ್ಲಿ ಎಲ್ಲರಿಗಿಂತ ಒಂದು ಮತ ಹೆಚ್ಚು ಪಡೆದವನೇ ವಿಜಯಿ ಎಂಬುದು ನಾವು ಒಪ್ಪಿಕೊಂಡ ನಿಯಮ. ಆ ನಿಯಮದ ಕೂಸು ಈ ಅಂಕಿಗಳು. 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರು 40,752 ಮತ ಪಡೆದರು, ಎ. ಆರ್. ಕೃಷ್ಣಮೂರ್ತಿಯವರು 40,751. "ನನ್ನ ಒಂದು ಮತದಿಂದ ಆಗುವುದೇನು?" ಎಂದು ಮತದಾನದ ದಿನವನ್ನು ಪಿಕ್‌ನಿಕ್‌ಗೆ ಮೀಸಲಿಡುವ ನಮ್ಮ ಯುವಕರು ಈ ಎರಡು ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳುವುದೊಳಿತು.

ನಿಯಮ ಬದಲಾದರೆ ಫಲಿತಾಂಶವೂ ಬದಲಾಗುತ್ತದೆಯೇ? ಒಂದು ವಾಳೆಯ ಒಂಬತ್ತು ಕುಟುಂಬಗಳು ಸೇರಿ ಒಂದೇ ಬಸ್ಸಿನಲ್ಲಿ ಯಾತ್ರೆ ಹೊರಟಿವೆ ಎಂದು ಭಾವಿಸಿ. ವೇಳಾಂಕಣ್ಣಿ, ಹಳೆ ಗೋವಾ, ಕಾರ್ಕಳದ ಅತ್ತೂರು, ಈ ಮೂರರಲ್ಲಿ ಒಂದನ್ನು ಆರಿಸಬೇಕು. ನಾಲ್ಕು ಕುಟುಂಬಗಳಿಗೆ ವೇಳಾಂಕಣ್ಣಿಯೇ ಆಗಬೇಕು. ಅದಾಗದಿದ್ದರೆ ಅತ್ತೂರು, ಗೋವಾ ಕೊನೆಗೆ. ಮೂರು ಕುಟುಂಬಗಳಿಗೆ ಮೊದಲು ಗೋವಾ, ಆಮೇಲೆ ಅತ್ತೂರು, ವೇಳಾಂಕಣ್ಣಿ ಬಹಳ ದೂರವೆಂದು ಕೊನೆಗೆ. ಉಳಿದ ಎರಡು ಕುಟುಂಬಗಳಲ್ಲಿ ವೃದ್ಧರಿದ್ದಾರೆ; ಅವರಿಗೆ ಅತ್ತೂರು ಮೊದಲು, ಗೋವಾ ಎರಡನೆಯದು, ವೇಳಾಂಕಣ್ಣಿ ಬೇಡವೇ ಬೇಡ.

ಕೈಯೆತ್ತಿಸಿ ಎಣಿಸಿದರೆ ನಾಲ್ಕು ಕೈಗಳೊಂದಿಗೆ ವೇಳಾಂಕಣ್ಣಿ ಗೆಲ್ಲುತ್ತದೆ. ಒಂಬತ್ತರಲ್ಲಿ ಐದು ಕುಟುಂಬಗಳಿಗೆ ಅದೇ ಕೊನೆಯ ಆಯ್ಕೆಯಾಗಿದ್ದರೂ ಸಹ. ಇದು ನಮ್ಮ ವಿಧಾನಸಭೆಯ ನಿಯಮ. ಅತಿ ಕಡಿಮೆ ಕೈಗಳು ಬಿದ್ದ ಅತ್ತೂರನ್ನು ಕೈಬಿಟ್ಟು, ಆ ಎರಡು ಕುಟುಂಬಗಳ ಎರಡನೆಯ ಆಯ್ಕೆಯನ್ನು ಕೇಳಿ ಕೂಡಿಸಿದರೆ ಗೋವಾಕ್ಕೆ ಐದು, ವೇಳಾಂಕಣ್ಣಿಗೆ ನಾಲ್ಕು. ಬಸ್ಸು ಉತ್ತರಕ್ಕೆ ಹೊರಡುತ್ತದೆ. ಇನ್ನು, ಎರಡೆರಡು ಸ್ಥಳಗಳನ್ನು ಎದುರುಬದುರು ನಿಲ್ಲಿಸಿ ಕೇಳಿದರೆ ಅತ್ತೂರು ವೇಳಾಂಕಣ್ಣಿಯನ್ನು ಐದು-ನಾಲ್ಕರಿಂದಲೂ ಗೋವಾವನ್ನು ಆರು-ಮೂರರಿಂದಲೂ ಸೋಲಿಸುತ್ತದೆ! ಒಂಬತ್ತು ಕುಟುಂಬಗಳಲ್ಲಿ ಒಂದಾದರೂ ಮನಸ್ಸು ಬದಲಿಸಿಲ್ಲ. ಎಣಿಸುವ ಕ್ರಮ ಮೂರು, ಫಲಿತಾಂಶವೂ ಮೂರು. ಹಾಗಾದರೆ "ಜನರ ತೀರ್ಪು" ಯಾವುದು? ಮರುದಿನದ ಪತ್ರಿಕೆಗಳು ದೊಡ್ಡ ಅಕ್ಷರಗಳಲ್ಲಿ ಬರೆಯುವ ಆ ಎರಡು ಪದಗಳು ಜನರ ಇಚ್ಛೆಯನ್ನು ಎಷ್ಟು ಹೇಳುತ್ತವೆಯೋ ಎಣಿಸುವ ನಿಯಮವನ್ನೂ ಅಷ್ಟೇ ಹೇಳುತ್ತವೆ ಎಂಬುದು ನನ್ನ ಅಭಿಪ್ರಾಯ.

ಈ ಮೂರನೆಯ ಕ್ರಮವನ್ನು ಕಂಡುಹಿಡಿದವರು ಯಾರೆಂದು ಬಲ್ಲಿರಾ? ಗಣಿತದ ಪುಸ್ತಕಗಳು ಸಾಮಾನ್ಯವಾಗಿ 18ನೆಯ ಶತಮಾನದ ಫ್ರಾನ್ಸಿನ ಕಾಂಡೊರ್ಸೆ ಎಂಬ ವಿದ್ವಾಂಸನ ಹೆಸರನ್ನು ಹೇಳುತ್ತವೆ. ಆತನಿಗಿಂತ ಐನೂರು ವರ್ಷ ಹಿಂದೆ, 1283ರ ಸುಮಾರಿಗೆ, ಮಯೋರ್ಕಾ ದ್ವೀಪದ ರಾಮೋನ್ ಲುಲ್ ಎಂಬ ದಾರ್ಶನಿಕನು ತನ್ನ 'ಬ್ಲಾಂಕೆರ್ನಾ' ಎಂಬ ಕಥಾಗ್ರಂಥದಲ್ಲಿ ಇದನ್ನು ವಿವರಿಸಿದ್ದಾನೆ. ಕನ್ಯಾಮಠವೊಂದರಲ್ಲಿ ಹೊಸ ಮಠಾಧ್ಯಕ್ಷೆಯನ್ನು ಆರಿಸಬೇಕಾಗಿದೆ. ಅಭ್ಯರ್ಥಿಗಳನ್ನು ಇಬ್ಬಿಬ್ಬರಾಗಿ ಹೋಲಿಸಿ ಮತ ಎಣಿಸಬೇಕೆಂಬುದು ಅಲ್ಲಿನ ಸಲಹೆ. ಮಠಗಳಲ್ಲಿ ಚುನಾವಣೆ ಎಂತಹ ಬಿರುಗಾಳಿ ಎಬ್ಬಿಸಬಲ್ಲುದೆಂಬುದನ್ನು ಆತ ಸಮೀಪದಿಂದ ಬಲ್ಲವನಾಗಿದ್ದಿರಬೇಕು. 1299ರಲ್ಲಿ ಇದೇ ವಿಷಯವಾಗಿ ಪ್ರತ್ಯೇಕ ಕಿರುಗ್ರಂಥವನ್ನೂ ಬರೆದ. ಅದನ್ನು 1428ರಲ್ಲಿ ನಕಲು ಮಾಡಿಕೊಂಡವರು ಮೋಸೆಲ್ ನದಿಯ ದಡದ ಕೂಸ್ ಊರಿನ ನಿಕೊಲಾಸ್, ಮುಂದೆ ಕಾರ್ಡಿನಲ್ ಪದವಿಗೇರಿದವರು. ಆ ನಕಲು ಇಂದಿಗೂ ಅವರ ಊರಿನ ಗ್ರಂಥಾಲಯದಲ್ಲಿದೆ.

ಗುರುಮಠದಲ್ಲಿ ನಮಗೆ ಕೂಸಾದ ನಿಕೊಲಾಸರನ್ನು ಪಾಠ ಹೇಳಿದ್ದು 'ತಿಳಿದ ಅಜ್ಞಾನ'ದ ದಾರ್ಶನಿಕರೆಂದು, ಅಂದರೆ ತನಗೆ ತಿಳಿಯದ್ದು ಇದೆ ಎಂಬುದನ್ನು ಅರಿಯುವುದೇ ಜ್ಞಾನದ ಶಿಖರ ಎಂದವರೆಂದು. ಅವರೇ 1433ರ ಸುಮಾರಿಗೆ, ಬಾಸೆಲ್ ಮಹಾಸಭೆಯ ಕಾಲದಲ್ಲಿ, ಚಕ್ರವರ್ತಿಯ ಆಯ್ಕೆಗೊಂದು ಕ್ರಮವನ್ನು ಸೂಚಿಸಿದ್ದರೆಂಬುದು ಪಾಠದಲ್ಲಿ ಇರಲಿಲ್ಲ. ಗ್ರಂಥಾಲಯದಲ್ಲಿ ನನ್ನ ಕಣ್ಣಿಗೆ ಬಿದ್ದಿತು. ಪ್ರತಿಯೊಬ್ಬ ಮತದಾರನೂ ಅತ್ಯಂತ ಕಡಿಮೆ ಯೋಗ್ಯನೆನಿಸಿದವನಿಗೆ ಒಂದು ಅಂಕ, ಅವನಿಗಿಂತ ಮೇಲಿನವನಿಗೆ ಎರಡು, ಹೀಗೆ ಏರುತ್ತಾ ಹೋಗಿ ಅತ್ಯಂತ ಯೋಗ್ಯನಿಗೆ ಅತಿ ಹೆಚ್ಚು ಅಂಕ ನೀಡಬೇಕು. ಎಲ್ಲರ ಅಂಕ ಕೂಡಿಸಿ ಹೆಚ್ಚು ಪಡೆದವನನ್ನು ಆರಿಸಬೇಕು. ಚಕ್ರವರ್ತಿಯ ಆಯ್ಕೆಗೆ ಇದನ್ನು ಯಾರೂ ಬಳಸಲಿಲ್ಲ. ಚುನಾಯಿಸುವ ಅರಸರಿಗೆ ಗುಟ್ಟಿನ ಒಪ್ಪಂದಗಳೇ ಅನುಕೂಲವಾಗಿದ್ದವೇನೋ! ಇದರ ಮೂಲಕ ನಮ್ಮ ಯಾತ್ರೆಯನ್ನು ಲೆಕ್ಕ ಹಾಕಿ ನೋಡಿ: ಅತ್ತೂರಿಗೆ 20 ಅಂಕ, ವೇಳಾಂಕಣ್ಣಿಗೂ ಗೋವಾಕ್ಕೂ ತಲಾ 17.

ಇಷ್ಟೆಲ್ಲ ಇದ್ದರೂ ಪರಿಪೂರ್ಣವಾದ ಕ್ರಮ ಒಂದೂ ಇಲ್ಲ. ಹಬ್ಬದ ಊಟಕ್ಕೆ ಅಪ್ಪನಿಗೆ ಹಂದಿಮಾಂಸ, ಕೋಳಿ, ಮೀನು ಎಂಬ ಅನುಕ್ರಮ. ಅಮ್ಮನಿಗೆ ಕೋಳಿ, ಮೀನು, ಹಂದಿಮಾಂಸ. ಮಗನಿಗೆ ಮೀನು, ಹಂದಿಮಾಂಸ, ಕೋಳಿ. ಇಬ್ಬರ ಬಹುಮತ ಕೋಳಿಗಿಂತ ಹಂದಿಮಾಂಸ ಮೇಲೆಂದೂ, ಮೀನಿಗಿಂತ ಕೋಳಿ ಮೇಲೆಂದೂ, ಹಂದಿಮಾಂಸಕ್ಕಿಂತ ಮೀನು ಮೇಲೆಂದೂ ಹೇಳುತ್ತದೆ. ಮೂವರೂ ವಿವೇಕಿಗಳು, ಮನೆ ಮಾತ್ರ ಗಾಣದೆತ್ತಿನಂತೆ ಸುತ್ತುತ್ತಿರುತ್ತದೆ. ಈ ಸುಳಿಯನ್ನು ಕಾಂಡೊರ್ಸೆ 1785ರಲ್ಲಿ ತೋರಿಸಿದ. ಮೂರು ಅಥವಾ ಹೆಚ್ಚು ಆಯ್ಕೆಗಳಿರುವಾಗ ಅನುಕ್ರಮಗಳನ್ನು ಕೂಡಿಸುವ ಯಾವ ನಿಯಮವೂ ನ್ಯಾಯದ ಎಲ್ಲ ಸಹಜ ಬೇಡಿಕೆಗಳನ್ನು ಏಕಕಾಲಕ್ಕೆ ಪೂರೈಸಲಾರದು ಎಂದು ಅಮೆರಿಕದ ಅರ್ಥಶಾಸ್ತ್ರಜ್ಞ ಕೆನೆತ್ ಆ್ಯರೋ 1951ರಲ್ಲಿ ಸಿದ್ಧಪಡಿಸಿದರು. ಗಣಿತಶಾಸ್ತ್ರವೇ ಇಷ್ಟು ವಿನಯದಿಂದ ಮಾತನಾಡುವಾಗ ದೂರದರ್ಶನದ ಚರ್ಚೆಯಲ್ಲಿ ಮೇಜು ಗುದ್ದುವವರ ಖಚಿತತೆಯನ್ನು ಕಂಡು ನನಗೆ ಅಚ್ಚರಿಯಾಗುತ್ತದೆ.

ಮತಯಂತ್ರದ ಬಗೆಗೂ ಎರಡು ಮಾತು. ನಮ್ಮ ವಿದ್ಯುನ್ಮಾನ ಮತಯಂತ್ರಗಳನ್ನು ತಯಾರಿಸುವ ಎರಡು ಸರಕಾರಿ ಸಂಸ್ಥೆಗಳಲ್ಲಿ ಒಂದು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್. ಬೆರಳಿಗೆ ಹಚ್ಚುವ ಶಾಯಿ 1962ರಿಂದಲೂ ಮೈಸೂರಿನದು. ಶಾಯಿಯಲ್ಲಿರುವ ಬೆಳ್ಳಿಯ ನೈಟ್ರೇಟ್ ಚರ್ಮದ ಉಪ್ಪಿನೊಡನೆ ಕೂಡಿ ಬೆಳಕಿಗೆ ಕಪ್ಪಾಗುತ್ತದೆ, ಸಾಬೂನಿಗೆ ಜಗ್ಗುವುದಿಲ್ಲ. ಯಂತ್ರವನ್ನು ಮೊದಲು ಬಳಸಿದ್ದು 1982ರಲ್ಲಿ ಕೇರಳದ ಪರವೂರಿನ ಕೆಲವು ಮತಗಟ್ಟೆಗಳಲ್ಲಿ. ಕಾನೂನಿನಲ್ಲಿ ಅವಕಾಶವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಅಲ್ಲಿ ಮರುಮತದಾನಕ್ಕೆ ಆದೇಶಿಸಿತು, ಆಮೇಲೆ ಕಾನೂನೇ ತಿದ್ದುಪಡಿಯಾಯಿತು. ಈಗ ಗುಂಡಿ ಒತ್ತಿದೊಡನೆ ವಿವಿಪ್ಯಾಟ್ ಎಂಬ ಪೆಟ್ಟಿಗೆಯ ಗಾಜಿನ ಹಿಂದೆ ಚೀಟಿಯೊಂದು ಏಳು ಸೆಕೆಂಡು ಕಾಣಿಸಿ ಒಳಗೆ ಬೀಳುತ್ತದೆ. ಪ್ರತಿ ವಿಧಾನಸಭಾ ಕ್ಷೇತ್ರದ ಐದು ಮತಗಟ್ಟೆಗಳ ಚೀಟಿಗಳನ್ನು ಎಣಿಸಿ ತಾಳೆ ನೋಡುವಂತೆ 2019ರಲ್ಲಿ ನ್ಯಾಯಾಲಯ ನಿರ್ದೇಶಿಸಿತು. ಎಲ್ಲ ಚೀಟಿಗಳನ್ನೂ ಎಣಿಸಬೇಕೆಂಬ ಕೋರಿಕೆಯನ್ನು 2024ರ ಏಪ್ರಿಲ್‌ನಲ್ಲಿ ತಿರಸ್ಕರಿಸಿತು. ತೀರ್ಪಿಗೆ ತಲೆಬಾಗುತ್ತೇನೆ. ಆದರೂ ಇನ್ನಷ್ಟು ಚೀಟಿ ಎಣಿಸಿದರೆ ಕೆಲವು ಗಂಟೆಗಳ ಹೊರತು ನಷ್ಟವೇನೂ ಇಲ್ಲವೆಂಬುದು ನನ್ನ ಖಾಸಗಿ ಅಭಿಪ್ರಾಯ. ತಾಳೆ ನೋಡಿ ಎನ್ನುವವನನ್ನು ದೇಶದ್ರೋಹಿ ಎನ್ನಬೇಕಾಗಿಲ್ಲ, ಸೋತಾಗ ಮಾತ್ರ ಯಂತ್ರವನ್ನು ದೂರುವವನ ಮಾತನ್ನು ನಂಬಬೇಕಾಗಿಯೂ ಇಲ್ಲ. ಪೋಪ್ ಜಗದ್ಗುರುಗಳ ಚುನಾವಣೆಯಲ್ಲಿ ಮೂವರು ಕಾರ್ಡಿನಲರು ಚೀಟಿ ಎಣಿಸಿದ ಮೇಲೆ, ಅದೃಷ್ಟಚೀಟಿಯಿಂದ ಆಯ್ಕೆಯಾದ ಬೇರೆ ಮೂವರು ಆ ಲೆಕ್ಕವನ್ನು ಪರಿಶೀಲಿಸುತ್ತಾರೆ. ಅದರಿಂದ ಮೊದಲಿನ ಮೂವರಿಗೆ ಅಪಮಾನವಾಯಿತೆಂದು ಯಾರೂ ಹೇಳುವುದಿಲ್ಲ.

ಆ ಚುನಾವಣೆಯ ಪ್ರಸ್ತಾಪ ಬಂದುದರಿಂದ ಇನ್ನೂ ಒಂದು ವಿಷಯ. ಮೂರನೇ ಎರಡರಷ್ಟು ಮತ ಬೇಕೆಂಬ ನಿಯಮ 1179ರದು. 2025ರ ಮೇ 8ರಂದು 14ನೆಯ ಲಿಯೋ ಅವರು ಆಯ್ಕೆಯಾದಾಗ ಮತ ಚಲಾಯಿಸಿದ ಕಾರ್ಡಿನಲರು 133, ಬೇಕಾಗಿದ್ದ ಮತ 89, ಮುಗಿದದ್ದು ನಾಲ್ಕನೆಯ ಸುತ್ತಿನಲ್ಲಿ. ಇಷ್ಟು ಎತ್ತರದ ಮಿತಿ ಇರುವಾಗ ತನ್ನವರ ಮತದಿಂದಲೇ ಯಾರೂ ಗೆಲ್ಲಲಾರರು. ಮೊದಲ ಸುತ್ತಿನಲ್ಲಿ ಬೇರೊಬ್ಬರನ್ನು ಬಯಸಿದವರ ಎರಡನೆಯ, ಮೂರನೆಯ ಆಯ್ಕೆಯೂ ಆಗಬೇಕಾಗುತ್ತದೆ. ಇದರ ಬೆಲೆ ಸಮಯ. 1268ರಲ್ಲಿ ವಿತೆರ್ಬೋ ನಗರದಲ್ಲಿ ಆರಂಭವಾದ ಆಯ್ಕೆ ಮುಗಿದದ್ದು 1271ರಲ್ಲಿ. ಬೇಸತ್ತ ಊರವರು ಕಾರ್ಡಿನಲರು ಸೇರಿದ್ದ ಕಟ್ಟಡದ ಛಾವಣಿಯನ್ನೇ ಕಿತ್ತರೆಂದು ಚರಿತ್ರೆ ಹೇಳುತ್ತದೆ. (ಬಿಳಿ ಹೊಗೆಗಾಗಿ ಪೊಟ್ಯಾಸಿಯಂ ಕ್ಲೋರೇಟ್ ಮತ್ತು ರಾಳದೊಂದಿಗೆ ಹಾಲಿನ ಸಕ್ಕರೆಯನ್ನು ಬೆರೆಸುತ್ತಾರೆಂಬುದನ್ನು ಪ್ರಥಮ ಪರಮಪ್ರಸಾದದ ತರಗತಿಯ ಮಕ್ಕಳಿಗೆ ಹೇಳಿ ನೋಡಿ, ಬೇರೆಲ್ಲ ಪಾಠಕ್ಕಿಂತ ಚೆನ್ನಾಗಿ ನೆನಪಿಟ್ಟುಕೊಳ್ಳುತ್ತಾರೆ.)

ಎರಡನೆಯ ಆಯ್ಕೆಯನ್ನು ಕಾಗದದ ಮೇಲೆಯೇ ಕೇಳುವ ಕ್ರಮ ನಮ್ಮ ದೇಶಕ್ಕೆ ಅಪರಿಚಿತವಲ್ಲ. ರಾಷ್ಟ್ರಪತಿಗಳ ಚುನಾವಣೆ ನಡೆಯುವುದೇ ಹಾಗೆ. 1969ರಲ್ಲಿ ವಿ. ವಿ. ಗಿರಿಯವರಿಗೆ ಮೊದಲ ಎಣಿಕೆಯಲ್ಲಿ 4,01,515 ಮತಮೌಲ್ಯ, ನೀಲಂ ಸಂಜೀವ ರೆಡ್ಡಿಯವರಿಗೆ 3,13,548, ಬೇಕಾಗಿದ್ದದ್ದು 4,18,169. ಯಾರೂ ಮುಟ್ಟಲಿಲ್ಲ. ಕೆಳಗಿನವರನ್ನು ಒಬ್ಬೊಬ್ಬರಾಗಿ ಕೈಬಿಟ್ಟು ಅವರ ಮತಪತ್ರಗಳ ಮುಂದಿನ ಪ್ರಾಶಸ್ತ್ಯವನ್ನು ಹಂಚಿದಾಗ ಗಿರಿಯವರು 4,20,077ಕ್ಕೆ ತಲುಪಿದರು. ರೆಡ್ಡಿಯವರು ಅದೇ ಎಣಿಕೆಯಲ್ಲಿ 4,05,427ಕ್ಕೆ ಏರಿದ್ದರು ಎಂಬುದನ್ನು ಗಮನಿಸಿ. ಸೋತವರ ಮತದಾರರಲ್ಲಿ ಹೆಚ್ಚಿನವರು ಎರಡನೆಯವರಾಗಿ ಬರೆದದ್ದು ಅವರನ್ನೇ.

ಹೀಗೆ ಹೇಳಿದೆನೆಂದು ನಾಳೆಯೇ ವಿಧಾನಸಭೆಗೂ ಈ ಕ್ರಮ ಬರಲೆಂದು ನಾನು ಒತ್ತಾಯಿಸುವುದಿಲ್ಲ. 1951-52ರ ಪ್ರಥಮ ಮಹಾಚುನಾವಣೆಯಲ್ಲಿ ಹದಿನೇಳು ಕೋಟಿಗೂ ಮಿಕ್ಕಿದ ಮತದಾರರಲ್ಲಿ ಬಹುಪಾಲು ಜನ ಅಕ್ಷರ ಅರಿಯದವರು. ಅವರಿಗಾಗಿ ಸುಕುಮಾರ್ ಸೇನ್ ಅವರ ಆಯೋಗವು ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆಯಿಟ್ಟು, ಮೇಲೆ ಚಿಹ್ನೆ ಅಂಟಿಸಿತು. ಚೀಟಿ ಹಾಕಿದರೆ ಸಾಕು, ಬರೆಯುವುದೇನೂ ಇರಲಿಲ್ಲ. ಆ ಸರಳತೆ ಬಡವನ ಮತವನ್ನು ಕಾಪಾಡಿತು, ಅದನ್ನು ಹಗುರವಾಗಿ ಕಾಣುವಂತಿಲ್ಲ. 1996ರಲ್ಲಿ ಬೆಳಗಾವಿ ಲೋಕಸಭಾ ಕ್ಷೇತ್ರದಲ್ಲಿ 456 ಅಭ್ಯರ್ಥಿಗಳಿದ್ದರು. ಅವರೆಲ್ಲರನ್ನೂ ಅನುಕ್ರಮವಾಗಿ ಬರೆಯಿರಿ ಎಂದಿದ್ದರೆ ಮತಗಟ್ಟೆಯೊಳಗೆ ಹೋದವರು ಹೊರಗೆ ಬರುತ್ತಿದ್ದರೇ?

ನನಗೆ ವೇದನೆಯುಂಟುಮಾಡುವುದು ಬೇರೆ. ನಮ್ಮ ಅನೇಕ ಕುಟುಂಬಗಳಲ್ಲಿ ಅಣ್ಣ ಕುವೈತಿನಲ್ಲಿ, ತಂಗಿ ಮುಂಬಯಿಯಲ್ಲಿ, ತಂದೆತಾಯಿ ಊರಿನಲ್ಲಿ. ಅವರನ್ನು ಕೂಡಿಸುತ್ತಿರುವುದು ಮೊಬೈಲಿನ ವಾಟ್ಸಾಪ್ ಬಳಗ. ಚುನಾವಣೆಯ ಮೂರು ತಿಂಗಳು ಮೊದಲು ಅದರಲ್ಲಿ ಯಾರೋ ಬರೆದ, ಯಾರೂ ಪರೀಕ್ಷಿಸದ ಸಂದೇಶವೊಂದು ಬಂದು ಬೀಳುತ್ತದೆ. ಒಬ್ಬ ಕೆರಳುತ್ತಾನೆ, ಇನ್ನೊಬ್ಬ ಬಳಗವನ್ನೇ ತೊರೆಯುತ್ತಾನೆ. ಫಲಿತಾಂಶ ಬಂದು ಎರಡು ವರ್ಷವಾದರೂ ಕ್ರಿಸ್ಮಸ್ ದಿನ ಒಬ್ಬರ ಮನೆಯ ಕುಸ್ವಾರ್ ಇನ್ನೊಬ್ಬರ ಮನೆಗೆ ಹೋಗುವುದಿಲ್ಲ. ಒಡಹುಟ್ಟಿದವನು ಒತ್ತಿದ ಒಂದು ಗುಂಡಿಯೇ ಅವನ ಸಂಪೂರ್ಣ ವ್ಯಕ್ತಿತ್ವವೆಂದು ನಾವು ಬಗೆದುಬಿಡುತ್ತೇವೆ. ವಾಸ್ತವದಲ್ಲಿ ಅವನು ಮತಗಟ್ಟೆಗೆ ಹೋಗುವಾಗ ಮೀನಿನ ಬೆಲೆ, ಮಗಳ ಕಾಲೇಜಿನ ಶುಲ್ಕ, ಅಲ್ಪಸಂಖ್ಯಾತನೆಂಬ ಅಳುಕು, ಅಭ್ಯರ್ಥಿ ಹಿಂದೊಮ್ಮೆ ಮಾಡಿದ ಉಪಕಾರ, ಇವೆಲ್ಲವನ್ನೂ ಮನಸ್ಸಿನಲ್ಲಿ ತೂಗಿ ನೋಡಿರುತ್ತಾನೆ. ಯಂತ್ರ ಕೇಳಿಕೊಂಡದ್ದು ಒಂದು 'ಬೀಪ್' ಮಾತ್ರ. ಅವನಿಗೆ ಎರಡನೆಯ ಮತ ಇದ್ದಿದ್ದರೆ ಅದು ನಮ್ಮ ಅಭ್ಯರ್ಥಿಗೇ ಬೀಳುತ್ತಿತ್ತೋ ಏನೋ. ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಮನೆಯೊಳಗೆ ಕೇಳುವುದಕ್ಕೆ ಚುನಾವಣಾ ಆಯೋಗದ ಅಪ್ಪಣೆ ಬೇಕಾಗಿಲ್ಲ. "ಯಾರಿಗೆ ಹಾಕಿದೆ?" ಎಂಬ ಪ್ರಶ್ನೆ ಜಗಳಕ್ಕೆ ಆಹ್ವಾನ, "ಅವರಿಲ್ಲದಿದ್ದರೆ ಯಾರಾಗಬಹುದಿತ್ತು?" ಎಂಬುದಕ್ಕೆ ಬರುವ ಉತ್ತರ ಎಷ್ಟೋ ಸಲ ನಮ್ಮನ್ನು ಬೆರಗುಗೊಳಿಸುತ್ತದೆ.

ನಮ್ಮ ಧರ್ಮಕೇಂದ್ರಗಳಲ್ಲಿಯೂ ಇದನ್ನು ಪ್ರಯೋಗಿಸಿ ನೋಡಬಹುದು. ವಾಳೆಯ ಗುರಿಕಾರರನ್ನೋ ಪಾಲನಾ ಮಂಡಳಿಯ ಉಪಾಧ್ಯಕ್ಷರನ್ನೋ ಆರಿಸುವಾಗ ಮೂವರು ನಿಂತು, ಎರಡು ಮೂರು ಮತಗಳ ಅಂತರದಿಂದ ಒಬ್ಬರು ಗೆದ್ದು, ಸೋತವರ ಬಂಧುಗಳು ಗಾಯನ ಮಂಡಳಿಯಿಂದ ದೂರ ಸರಿಯುವುದು ನಾವೆಲ್ಲರೂ ಕಂಡ ಕಥೆ. ಅಲ್ಲಿ ಮತದಾರರು ಐವತ್ತೋ ಅರುವತ್ತೋ ಮಂದಿ. ಒಂದು, ಎರಡು, ಮೂರು ಎಂದು ಬರೆಯಿಸಿ ಕೂಸಾದ ನಿಕೊಲಾಸರ ರೀತಿಯಲ್ಲಿ ಅಂಕ ಕೂಡಿಸುವುದಕ್ಕೆ ಅರ್ಧ ಗಂಟೆ ಸಾಕು. ಗೆದ್ದವರು ಎಲ್ಲರ ಪ್ರಥಮ ಆಯ್ಕೆ ಆಗಿರಲಾರರು, ಆದರೆ ಹೆಚ್ಚಿನವರಿಗೆ ಸಹ್ಯರಾದವರಂತೂ ಆಗಿರುತ್ತಾರೆ. ಅಂಕ ಕೂಡಿಸುವಲ್ಲಿ ಜಾಣತನ ತೋರಿ ಬಲಿಷ್ಠ ಎದುರಾಳಿಯನ್ನು ಬೇಕೆಂದೇ ಕೊನೆಗೆ ತಳ್ಳುವವರು ಇದ್ದೇ ಇರುತ್ತಾರೆ. ಅಂಥವರು ಕೈಯೆತ್ತುವ ಚುನಾವಣೆಯಲ್ಲಿಯೂ ಇದ್ದಾರೆ.

ಕಡೆಯದಾಗಿ, ಉಪಾಧ್ಯಾಯ ವೃತ್ತಿಯವರೂ ಪದವೀಧರರೂ ಹೇರಳವಾಗಿರುವ ನಮ್ಮ ಸಮುದಾಯಕ್ಕೆ ನೇರವಾಗಿ ಸಂಬಂಧಿಸಿದ ಸಂಗತಿ. ವಿಧಾನ ಪರಿಷತ್ತಿನ ಪದವೀಧರ ಮತ್ತು ಶಿಕ್ಷಕ ಕ್ಷೇತ್ರಗಳಲ್ಲಿ ಮತದಾನ ನಡೆಯುವುದು ಪ್ರಾಶಸ್ತ್ಯ ಕ್ರಮದಲ್ಲಿ, ಕಾಗದದ ಮೇಲೆ. ನಮ್ಮ ನೈಋತ್ಯ ಕ್ಷೇತ್ರಗಳಿಗೆ ಚುನಾವಣೆ ನಡೆದದ್ದು 2024ರ ಜೂನ್‌ನಲ್ಲಿ. ಆರು ವರ್ಷದ ಅವಧಿಯಾದುದರಿಂದ ಮುಂದಿನದು 2030ರಲ್ಲಿ ಬರಬೇಕು. ವಿಧಾನಸಭೆಯ ಮತದಾರರ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಇಲ್ಲಿ ಮತ ಬರುವುದಿಲ್ಲ. ಈ ಪಟ್ಟಿಯನ್ನು ಪ್ರತಿ ಸಲವೂ ಹೊಸದಾಗಿ ತಯಾರಿಸುತ್ತಾರೆ. ಹಿಂದಿನ ಸಲ ಸೇರಿಸಿದವರೂ ಪುನಃ ಅರ್ಜಿ ಕೊಡಬೇಕು. ಪದವಿ ಪಡೆದು ಮೂರು ವರ್ಷ ಕಳೆದವರಿಗೆ ನಮೂನೆ 18, ಪ್ರೌಢಶಾಲೆ ಅಥವಾ ಅದಕ್ಕಿಂತ ಮೇಲಿನ ಹಂತದಲ್ಲಿ ಕಳೆದ ಆರು ವರ್ಷಗಳಲ್ಲಿ ಕನಿಷ್ಠ ಮೂರು ವರ್ಷ ಬೋಧಿಸಿದವರಿಗೆ ನಮೂನೆ 19. ಮತಗಟ್ಟೆಯಲ್ಲಿ ಅವರೇ ಕೊಡುವ ನೇರಳೆ ಬಣ್ಣದ ಪೆನ್ನಿನಿಂದಲೇ ಬರೆಯಬೇಕು; ಜೇಬಿನ ಪೆನ್ನು ತೆಗೆದರೆ ಮತ ಅಸಿಂಧು. ಮೊದಲು 1 ಎಂಬ ಅಂಕಿ ಕಡ್ಡಾಯ, ಅದಿಲ್ಲದೆ ಬರೆದ 2ಕ್ಕೆ ಬೆಲೆಯಿಲ್ಲ. 1 ಬರೆದು ಅಲ್ಲಿಗೇ ಪೆನ್ನು ಇಟ್ಟು ಬರುವವರು ಬಹಳ ಮಂದಿ. ಎರಡನೆಯ ಹೆಸರಿನ ಮುಂದೆ 2 ಎಂದು ಬರೆಯುವುದಕ್ಕೆ ಬೇಕಾದ ಸಮಯ ಎರಡು ಸೆಕೆಂಡು.